ತಮ್ಮನ ಕೈತೋಟದಲ್ಲಿ ನಮ್ಮ ಮನೆ

ಗುಂಜಹಳ್ಳಿಯ ನಮ್ಮ ಮನೆಯ ಹೊಸ್ತಿಲಿಗೆ ಎರಡು ಮೊಳೆಗಳಿದ್ದವು. ನೆಟ್ಟಗಿದ್ದದ್ದು ತಮ್ಮ ಬಸಣ್ಣನದು, ಸೊಟ್ಟದ್ದು ನನ್ನದು. ಕೂಸು ಹುಟ್ಟಿದ ಐದನೆಯ ದಿನ ಅಪ್ಪನಾದವನು ಹೊಸ್ತಿಲಿಗೆ ಒಂದು ಕಬ್ಬಿಣದ ಮೊಳೆ ಹೊಡೆಯಬೇಕು, ಆಗ ಕೂಸು ಮನೆಯಲ್ಲಿ ನಿಲ್ಲುತ್ತದೆ ಎಂಬುದು ನಮ್ಮ ಮನೆತನದ ಪದ್ಧತಿ. ನಾನು ಹುಟ್ಟಿದಾಗ ಅಪ್ಪ ಗಂಡು ಕೂಸಿನ ದಾರಿ ನೋಡುತ್ತಿದ್ದ. ಮನಸ್ಸಿಲ್ಲದ ಕೈಯಿಂದ ಹೊಡೆದ. ಮೊಳೆ ಕಟ್ಟಿಗೆಯ ಗಂಟಿಗೆ ತಾಗಿ ಬಾಗಿತು. ಕಿತ್ತು ಬೇರೆ ಹೊಡೆಯಬಹುದಿತ್ತು, ಹೊಡೆಯಲಿಲ್ಲ. ಬಾಗಿದ್ದನ್ನೇ ಸುತ್ತಿಗೆಯಿಂದ ಬಡಿದು ಒಳಗೆ ತುರುಕಿ ಎದ್ದು ಹೋದ. ಅವ್ವ ಇದನ್ನು ನನಗೆ ಅಳುತ್ತ ಹೇಳಲಿಲ್ಲ, ಜೋಳ ಹಸನು ಮಾಡುತ್ತ ಹೇಳಿದಳು. ಮುಂದೆ ಬಸಣ್ಣ ಹುಟ್ಟಿದಾಗ ರಾಯಚೂರಿನಿಂದ ಹೊಸ ಮೊಳೆ ತಂದು ಎಣ್ಣೆ ಸವರಿ ಹೊಡೆದ. ಅದು ನೆಟ್ಟಗೆ ಇಳಿಯಿತು. ಮಂಗಳವಾರ, ಶುಕ್ರವಾರ ಹೊಸ್ತಿಲು ತೊಳೆದು ಅರಿಷಿಣ ಹಚ್ಚುವ ಕೆಲಸ ನನ್ನದು. ಎರಡೂ ಮೊಳೆಯ ಮೇಲೆ ಬೆರಳು ಆಡಿಸಿ ಆಡಿಸಿ, ಕಣ್ಣು ಮುಚ್ಚಿಕೊಂಡರೂ ಯಾವುದು ಯಾರದು ಎಂದು ಹೇಳುತ್ತಿದ್ದೆ. ನನ್ನ ಮೊಳೆಯ ಬಾಗಿದ ಬೆನ್ನು ವರ್ಷ ಕಳೆದಂತೆ ಮೇಲೆದ್ದು, ದಾಟುವವರ ಸೀರೆಯ ಅಂಚು ಹಿಡಿದು ಹರಿಯುತ್ತಿತ್ತು.

"ಹಾದು ಹೋಗೋರನ್ನ ಹಿಡಿದು ನಿಲ್ಸೋದು ನಿನ್ನ ಮೊಳಿನ ನೋಡು," ಎಂದು ಅವ್ವ ಬೈಯುತ್ತಿದ್ದಳು.

"ಸೊಟ್ಟ ಮೊಳಿ! ಏ ಸೊಟ್ಟ ಮೊಳಿ!" ಎಂದು ಬಸಣ್ಣ ಓಣಿಯ ತುಂಬ ಕೂಗುತ್ತಿದ್ದ. ನಾನು ಅವನನ್ನು ಹಿಡಿದು ಬಡಿಯುತ್ತಿದ್ದೆ. ನಮ್ಮ ಪ್ರೀತಿ ಹಾಗೇ ಇತ್ತು.

ಆ ಬಸಣ್ಣ ಓದಿ ರೈಲ್ವೆ ಸೇರಿದ. ನೌಕರಿ ಮುಗಿಸಿ ರಾಯಚೂರಿನಲ್ಲಿ ಮನೆ ಕಟ್ಟಿಸಿ, ಹಿಂದೆ ಒಂದಿಷ್ಟು ಕೈತೋಟ ಬಿಟ್ಟುಕೊಂಡ. ಬದನೆ, ಮೆಣಸಿನ ಗಿಡ ಹಚ್ಚುತ್ತಾನೆ ಅಂದುಕೊಂಡರೆ, ತೋಟದ ಸುತ್ತ ನಾಲ್ಕು ಬೆರಳಗಲದ ಹಳಿ ಹಾಕಿದ. ಅದರ ಮೇಲೆ ಮೊಳದುದ್ದದ ಎಂಜಿನು, ಹಿಂದೆ ಡಬ್ಬಿಗಳು. ತುಳಸಿಕಟ್ಟೆಯ ಹಿಂದಿನಿಂದ ಹೊರಟು, ಪೇರಲ ಗಿಡದ ಬುಡ ಸುತ್ತಿ, ನೀರಿನ ತೊಟ್ಟಿಯ ಮೇಲಿನ ಸೇತುವೆ ದಾಟಿ ಮತ್ತೆ ತುಳಸಿಕಟ್ಟೆಗೆ ಬರುತ್ತದೆ. ಎಲ್ಲಿಗೂ ಹೋಗುವುದಿಲ್ಲ. ಆದರೂ ಬಸಣ್ಣ ಸಿಳ್ಳೆ ಊದಿ ಹಸಿರು ಬಟ್ಟೆ ತೋರಿಸುತ್ತಾನೆ. ಅವನ ಹೆಂಡತಿ ಮಹಾದೇವಿ ಬಾಯಿ ತೆರೆದರೆ ಸುಮ್ಮನಿರುವವಳಲ್ಲ.

"ನೌಕರಿ ಇದ್ದಾಗ ರೈಲಿನ ಹಿಂದ ಹೋಗಿ ಮನಿ ಮರತ್ರು. ಈಗ ರೈಲನ್ನ ಮನಿಗೆ ತಂದಾರ. ಬಟ್ಟಿ ಒಣ ಹಾಕಾಕ ಜಾಗ ಇಲ್ರಿ ಅಕ್ಕಾರ, ಸಿಗ್ನಲ್ ನೋಡಿ ದಾಟಬೇಕು," ಎನ್ನುತ್ತಾಳೆ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವನ ಫೋನು ಬಂತು. ನಾನಿರುವುದು ದೇವದುರ್ಗದಲ್ಲಿ, ಕೊಟ್ಟ ಮನೆಯಲ್ಲಿ.

"ಅಕ್ಕಾ, ಟೇಶನ್ ಆತು, ಬ್ರಿಜ್ ಆತು. ಈಗ ಹಳಿ ಬಾಜು ನಮ್ಮ ಗುಂಜಹಳ್ಳಿ ಮನಿ ಕಟ್ಟಬೇಕಂತ ಮಾಡೀನಿ. ಗೊಂಬಿ ಆಟ ಅಲ್ಲ, ದೊಡ್ಡದು, ಅಳತಿ ಪ್ರಕಾರ."

"ನಮ್ಮ ಮನಿ ಬಾಜು ರೈಲು ಎಲ್ಲಿತ್ತೋ?"

"ಇದ್ದಿದ್ದಿಲ್ಲ. ಈಗ ಇರತದ. ಆ ಮನಿ ಅಳತಿ ನಿನ್ನ ಬಿಟ್ರ ಯಾರಿಗಿ ಗೊತ್ತದ ಹೇಳಕ್ಕ? ನೀ ಬರಬೇಕು."

ನನ್ನ ಜನ್ಮದಲ್ಲಿ ತವರಿನವರು ನನ್ನನ್ನು ಏನೂ ಕೇಳಿದವರಲ್ಲ. ಗಂಡನನ್ನು ಗೊತ್ತು ಮಾಡಿದಾಗ ಕೇಳಲಿಲ್ಲ, ಹೊಲ ಹಂಚಿದಾಗ ಕೇಳಲಿಲ್ಲ. ಈಗ ಒಬ್ಬ ತಲೆ ಹಣ್ಣಾದ ಗಂಡಸು ನಿನ್ನ ಬಿಟ್ಟರೆ ಯಾರಿಗೆ ಗೊತ್ತು ಎಂದು ಕೇಳುತ್ತಿದ್ದಾನೆ. ಆ ಒಂದು ಮಾತಿಗೆ ನಾನು ಮರುದಿನವೇ ಬಸ್ಸು ಹತ್ತಿದೆ. ಹೋದ ಕೂಡಲೇ ಹೇಳಿದೆ, ನಡೆ, ಗುಂಜಹಳ್ಳಿಗೆ ಹೋಗಿ ಅಳೆದುಕೊಂಡೇ ಬರೋಣ ಎಂದು. ಆ ಮನೆಗೆ ಕೀಲಿ ಹಾಕಿ ಬಹಳ ವರ್ಷವಾಗಿತ್ತು, ಕೀಲಿ ಬಸಣ್ಣನ ಹತ್ತಿರ ಇತ್ತು.

"ಈ ಬಿಸಲಾಗ ಯಾಕಬೇಕಕ್ಕ? ಮನಿ ಎಲ್ಲಿಗಿ ಹೋಗತದ? ಹೋದ ವರ್ಷನ ಮಾಳಿಗಿಗಿ ಸವಳು ಹಾಕಿಸೀನಿ. ಗಟ್ಟಿ ಅದ. ನಿನ್ನ ತಲ್ಯಾಗ ಇರೋ ಅಳತಿ ಸಾಕು."

ಸವಳು ಅಂದರೆ ಉಪ್ಪುಪ್ಪಾದ ಬೂದು ಮಣ್ಣು. ಮಣ್ಣಿನ ಮಾಳಿಗೆಯ ಮೇಲೆ ಅದನ್ನು ಹರಡಿದರೆ ಮಳೆ ನೀರು ಕೆಳಗಿಳಿಯುವುದಿಲ್ಲ. ವರ್ಷ ವರ್ಷ ಹರಡಬೇಕು, ಬಿಟ್ಟರೆ ಮನೆ ಕರಗುತ್ತದೆ. ನನ್ನ ತಮ್ಮ ಮರೆಯದೆ ಸವಳು ಹಾಕಿಸಿದ್ದಾನೆ ಎಂದು ಕೇಳಿ ಹೊಟ್ಟೆ ತಣ್ಣಗಾಯಿತು. ಯಾಕಂದರೆ ಆ ಮನೆಯ ಮೇಲೆ ಅವ್ವನ ಒಂದು ಮಾತಿತ್ತು. ಸಾಯುವ ಮುಂದೆ ಅವಳು ಬಾಗಿಲ ಹತ್ತಿರವೇ ಹಾಸಿಗೆ ಹಾಕಿಸಿಕೊಂಡಿದ್ದಳು. ಬಸಣ್ಣನನ್ನು ಕರೆದು, "ಹೊಲ ನೀ ತಿನ್ನು. ಮನಿಗಿ ಮಾತ್ರ ಅಕ್ಕನ್ನ ಕೇಳದ ಕೈ ಹಚ್ಚಬ್ಯಾಡ, ಅಕಿ ಸಾರಿಸಿದ ಮನಿ ಅದು" ಅಂದಳು. ಬಸಣ್ಣ ಬಗ್ಗಿ ಹೊಸ್ತಿಲು ಮುಟ್ಟಿ, ಆತವ್ವ ಅಂದ. ಅವನ ಬೆರಳು ನನ್ನ ಮೊಳೆಯ ಮೇಲೇ ಇತ್ತು. ನಾನು ನೋಡಿದ್ದೇನೆ. ತವರಿನಲ್ಲಿ ನನ್ನ ಪಾಲಿಗೆ ಬಂದದ್ದು ಅಷ್ಟೇ, ನನ್ನನ್ನೊಂದು ಮಾತು ಕೇಳಬೇಕೆಂಬ ಹಕ್ಕು. ಅದನ್ನು ನಾನು ಬಂಗಾರದ ಹಾಗೆ ಕಾದಿದ್ದೆ.

ಮೊಳಕ್ಕೊಂದು ಇಂಚು ಎಂದು ಲೆಕ್ಕ ಹಿಡಿದೆವು. ಮನೆಯ ಒಂದು ಮೊಳ ಉದ್ದ ತೋಟದ ಮನೆಯಲ್ಲಿ ಒಂದು ಇಂಚು. ಪೇರಲ ಗಿಡದ ಪಕ್ಕ ಒಂದು ಪರಸಿ ಕಲ್ಲು ಹಾಸಿ ಅದರ ಮೇಲೆ ಪಾಯ ಗುರುತು ಹಾಕಿದೆವು. ಪಡಸಾಲೆ ಎಷ್ಟು ಮೊಳ ಎಂದು ಬಸಣ್ಣ ಕೇಳಿದಾಗ ನಾನು ನೆಲಕ್ಕೆ ಕುಳಿತು ಸಗಣಿ ಸಾರಿಸುವ ಹಾಗೆ ಕೈ ಬೀಸಿ ತೋರಿಸಿದೆ. ಒಂದು ಬೀಸಿಗೆ ಇಷ್ಟು, ಗ್ವಾಡೆ ಮುಟ್ಟುವತನಕ ಇಂಥ ಬೀಸು ಇಷ್ಟು ಎಂದು.

"ಆವಾಗ ನೀ ಸಣ್ಣಾಕಿ, ಕೈ ಗಿಡ್ಡ ಇರತಾವ. ಲೆಕ್ಕ ತಪ್ಪತದ."

"ಮದುವಿ ಆಗಿ ಹೋಗೋ ದಿನದ ಮುಂಜಾನಿನೂ ಸಾರಿಸೀನಿ. ಅಷ್ಟರಾಗ ಕೈ ಬೆಳದಿದ್ವು, ಬರಕೋ."

ಬರೆದುಕೊಂಡ. ಬಲಕ್ಕೆ ದನ ಕಟ್ಟುವ ಅಂಕಣ, ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅಲ್ಲಿ ನೆಲದೊಳಗೆ ಜೋಳದ ಹಗೇವು, ಅದರ ಬಾಯಿಗೆ ಮುಚ್ಚಿದ ಚಪ್ಪಡಿ. ಆ ಚಪ್ಪಡಿ ತೆಗೆದಾಗ ಬರುವ ಬೆಚ್ಚನೆಯ ವಾಸನೆ ನನಗೆ ಈಗಲೂ ಹಸಿವು ತರಿಸುತ್ತದೆ. ಎಡಕ್ಕೆ ಅಪ್ಪ ಲಿಂಗಪೂಜೆಗೆ ಕೂಡುತ್ತಿದ್ದ ಜಗುಲಿ. ಪೂಜೆ ಮುಗಿಯುವತನಕ ಯಾರೂ ಮಾತಾಡುವಂತಿಲ್ಲ. ಅಪ್ಪನಿಗೆ ಸಿಟ್ಟು ಬಂದ ದಿನ ಪೂಜೆ ಉದ್ದವಾಗುತ್ತಿತ್ತು, ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಿ ಕಾಯಬೇಕಿತ್ತು. ಒಳಗಿನದು ಅಡುಗೆಮನೆ. ಅಲ್ಲಿಗೆ ಬಂದಾಗ ನಮ್ಮಿಬ್ಬರಿಗೆ ಜಗಳ ಹತ್ತಿತು. ಬಸಣ್ಣ ಅಡುಗೆಮನೆಗೆ ಕಿಟಕಿ ಬರೆದಿದ್ದ.

"ಕಿಟಕಿ ಇದ್ದಿದ್ದಿಲ್ಲಲೇ."

"ಇತ್ತಕ್ಕ. ಊಟಕ್ಕ ಕುಂತಾಗ ತಾಟಿನ ಮ್ಯಾಲ ಬೆಳಕ ಬೀಳತಿತ್ತು, ನಂಗ ಪಕ್ಕಾ ನೆನಪದ."

"ಬೆಳಕ ಬೀಳತಿದ್ದದ್ದು ಮಾಳಿಗಿ ಬೆಳಕಿಂಡಿಲಿಂದ. ಅದು ಎಲ್ಲಿ ಬೀಳತದ ನೋಡಿ ಅವ್ವ ಅಲ್ಲೇ ನಿನ್ನ ಕೂಡೋ ಮಣಿ ಹಾಕತಿದ್ಲು. ಅದಕ್ಕ ನಿನಗ ಬೆಳಕ ನೆನಪದ, ನನಗ ಹೊಗಿ ನೆನಪದ."

ಮಹಾದೇವಿ ಹೊಟ್ಟೆ ಹಿಡಿದು ನಕ್ಕಳು. ಬಸಣ್ಣ ಕಿಟಕಿ ಅಳಿಸಿದ. ಆದರೆ ನಾನು ಹೇಳಿದ್ದು ನಗುವುದಕ್ಕಲ್ಲ. ನಮ್ಮ ಮನೆಯಲ್ಲಿ ಬಿಸಿ ರೊಟ್ಟಿ ಅಪ್ಪನಿಗೆ, ಬಸಣ್ಣನಿಗೆ. ಪುಂಡಿಪಲ್ಯದ ಮೇಲೆ ಎಣ್ಣೆ ಬಿಟ್ಟು ಅವರಿಗೆ ಬಡಿಸಿದ ಮೇಲೆ, ತಳಕ್ಕೆ ಹತ್ತಿದ್ದನ್ನು ಕೆಂಪು ಖಾರದ ಹಿಂಡಿ ಕಲಸಿಕೊಂಡು ನಾನು, ಅವ್ವ ಕತ್ತಲಲ್ಲಿ ಕುಳಿತು ಉಣ್ಣುತ್ತಿದ್ದೆವು. ನನಗೆ ಅದು ಕಷ್ಟ ಅಂತ ಅನಿಸಿರಲಿಲ್ಲ. ಅವ್ವನ ಪಕ್ಕ ನಾನೊಬ್ಬಳೇ ಇರುತ್ತಿದ್ದೆನಲ್ಲ, ಅವಳ ಮಾತೆಲ್ಲ ನನಗೇ ಸಿಗುತ್ತಿತ್ತು.

ಪಡಸಾಲೆಯ ಮೂಲೆಯ ಬೀಸುಕಲ್ಲಿಗೆ ಬಸಣ್ಣ ಅಂಗಿಯ ಗುಂಡಿಯಷ್ಟಗಲದ ಎರಡು ಕಲ್ಲು ಕೆತ್ತಿಸಿ ತಂದಿದ್ದ. ನೋಡಿದ ಕೂಡಲೇ ನನಗೆ ಬೇರೊಂದು ಪುಟ್ಟ ಬೀಸುಕಲ್ಲು ನೆನಪಾಯಿತು. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಬಸಣ್ಣ ಹುಟ್ಟಿದ. ಅವ್ವ ಹೊಲಕ್ಕೆ ಹೋದರೆ ಕೂಸನ್ನು ನೋಡುವವರಿರಲಿಲ್ಲ. ನನ್ನನ್ನು ಶಾಲೆಯಿಂದ ಬಿಡಿಸುತ್ತಾರೆ ಎಂದು ಯಾರೂ ನನಗೆ ಹೇಳಲಿಲ್ಲ. ಒಂದು ದಿನ ಅಪ್ಪ ಮಾನ್ವಿಯ ಸಂತೆಯಿಂದ ಬಂದವನು ನನ್ನನ್ನು ಕರೆದು ತೊಡೆಯ ಮೇಲೆ ಕೂಡಿಸಿಕೊಂಡ. ಹಿಂದೆಂದೂ ಕೂಡಿಸಿಕೊಂಡಿರಲಿಲ್ಲ. ಚೀಲದಿಂದ ಬಣ್ಣ ಹಚ್ಚಿದ ಕಟ್ಟಿಗೆಯ ಆಟಿಕೆ ತೆಗೆದ. ಅಂಗೈಯಷ್ಟು ಒಲೆ, ಅಂಗೈಯಷ್ಟು ಬೀಸುಕಲ್ಲು. ಓಣಿಯ ಹುಡುಗಿಯರಲ್ಲಿ ಯಾರ ಹತ್ತಿರವೂ ಅಂಥದ್ದಿರಲಿಲ್ಲ. ನಾನು ಅದನ್ನು ಉಡಿಯಲ್ಲಿ ಕಟ್ಟಿಕೊಂಡು ಕುಣಿದೆ. ಮರುದಿನ ಶಾಲೆಯ ಪಾಟಿ ಹುಡುಕಿದರೆ ಪಾಟಿ ಇಲ್ಲ. ಅವ್ವ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು.

"ಸಾಲಿಗಿ ಯಾವಾಗ ಹೋಗಲಿ?" ಎಂದು ಅಪ್ಪನನ್ನು ಕೇಳಿದೆ.

"ತಮ್ಮ ನಡ್ಯಾಕ ಹತ್ತಲಿ. ಈಗ ಆಟ ಸಾಮಾನು ತಂದಕೊಟ್ಟೀನಲ್ಲ, ಆಡು."

ತಮ್ಮ ನಡೆದ, ಓಡಿದ, ನನ್ನ ಪಾಟಿ ಹಿಡಿದುಕೊಂಡು ಅವನೇ ಶಾಲೆಗೆ ಹೋದ. ನಾನು ಉಳಿದ ಅಕ್ಷರಗಳನ್ನು ಅವನು ಓದುವಾಗ ಪಕ್ಕದಲ್ಲಿ ಕಾಳು ಹಸನು ಮಾಡುತ್ತ ಕದ್ದು ಕಲಿತೆ. ಆ ಆಟಿಕೆಯನ್ನು ಒಂದು ದಿನ ನಿಜವಾದ ಒಲೆಗೆ ಹಾಕಿದೆ. ಬಣ್ಣ ಹಚ್ಚಿದ ಕಟ್ಟಿಗೆ ಚೆನ್ನಾಗಿ ಉರಿಯುತ್ತದೆ. ಒಂದು ವಿಷಯ ಅಂದೇ ಕಲಿತೆ. ನಮ್ಮ ಮನೆಯ ಗಂಡಸರು ಮುದ್ದು ಮಾಡಿ ಏನಾದರೂ ಕೈಗೆ ಕೊಟ್ಟರೆ, ಇನ್ನೊಂದು ಕೈಯಲ್ಲಿ ಏನು ತೆಗೆದರು ಎಂದು ನೋಡಬೇಕು. ಕಲಿತಿದ್ದೆ, ಸರಿ. ಆದರೆ ಈ ಸಲ ನೋಡಲಿಲ್ಲ. ಬಸಣ್ಣ ಅಪ್ಪನಲ್ಲ, ನನ್ನ ತೊಡೆಯ ಮೇಲೆ ಬೆಳೆದವನು ಎಂದುಕೊಂಡೆ.

ಕಲ್ಲಿನ ಚೂರು ಕೂಡಿಸಿ ಗ್ವಾಡೆ ಎದ್ದವು. ಕಟ್ಟಿಗೆಯ ಕೆಲಸಕ್ಕೆ ಬಡಗಿ ಖಾಜಾಸಾಬ ಬಂದ. ಬಸಣ್ಣ ಹಳೆಯ ಕಟ್ಟಿಗೆಯ ಪಟ್ಟಿಗಳನ್ನು ತಂದು ಕೊಟ್ಟಿದ್ದ, ಗುಜರಿಯಲ್ಲಿ ಸಿಕ್ಕವು ಎಂದ. ಹೊಸ ಕಟ್ಟಿಗೆಯಾದರೆ ಬಿಸಿಲು ಮಳೆಗೆ ಬಾಗುತ್ತದೆ, ಹಳೆಯದು ಬಾಗುವಷ್ಟು ಬಾಗಿ ಮುಗಿಸಿರುತ್ತದೆ ಎಂದು ಖಾಜಾಸಾಬನೂ ತಲೆಯಾಡಿಸಿದ. ಅವನು ಸೀಳಿ ಕೊಟ್ಟ ಕಂಬ, ತೊಲೆ, ಜಂತಿಗಳಿಗೆ ನಾನು ಕುಳಿತು ಎಣ್ಣೆ ಹಚ್ಚಿದೆ. ಕಪ್ಪಗೆ, ಹೊಗೆ ಕುಡಿದ ಕಟ್ಟಿಗೆ, ಒಳ್ಳೆಯ ವಾಸನೆ ಇತ್ತು. ನಮ್ಮ ಮನೆಯ ಕಟ್ಟಿಗೆಯ ಹಾಗೇ ಅದ ನೋಡು ಅಂದೆ. ಬಸಣ್ಣ ಕೇಳಿಸಿಕೊಳ್ಳದವನ ಹಾಗೆ ಎಂಜಿನಿನ ಚಕ್ರಕ್ಕೆ ಎಣ್ಣೆ ಬಿಡುತ್ತ ಕುಳಿತ. ತೊಗರಿ ಕಟ್ಟಿಗೆ ಸಣ್ಣಗೆ ಮುರಿದು ಜಂತಿಗಳ ಮೇಲೆ ಹಾಸಿ, ಕೆಮ್ಮಣ್ಣು ಕಲಸಿ ಮೆತ್ತಿದೆ. ಬೆಳಕಿಂಡಿಗೆ ಜಾಗ ಬಿಟ್ಟೆ. ಮೇಲಿನ ಸವಳು ಒಂದು ಬಾಕಿ. ಅದನ್ನು ಗುಂಜಹಳ್ಳಿಯ ಹಳ್ಳದ ದಂಡೆಯಿಂದಲೇ ತರೋಣ, ಹಾಗೇ ಮನೆಯ ಬಾಗಿಲು ತೆಗೆದು ಕಸ ಹೊಡೆದು ಬರೋಣ ಎಂದೆ. ಆತಕ್ಕ, ಹೋಗೋಣ ಎಂದ.

ಉಳಿದದ್ದು ದೊಡ್ಡ ಬಾಗಿಲು, ಅದರ ಹೊಸ್ತಿಲು. ಆ ದಿನ ನಾನು ಗ್ವಾಡೆಗೆ ಸುಣ್ಣ ಬಳಿಯುತ್ತ ಕುಳಿತಿದ್ದೆ. ಬಸಣ್ಣ ಗೋಣಿಚೀಲ ಸುತ್ತಿದ ಒಂದು ದಪ್ಪ ತುಂಡು ತಂದು ಖಾಜಾಸಾಬನ ಮುಂದಿಟ್ಟು, ಇದರಿಂದ ತೆಗಿ ಎಂದು ಹೇಳಿ ಚಹಾ ತರಲು ಒಳಗೆ ಹೋದ. ಖಾಜಾಸಾಬನ ಕೊಯ್ಯುವ ಮಶೀನು ಗುರ್ರೆಂದಿತು. ಒಂದು ಗಳಿಗೆ, ಆಮೇಲೆ ಕಿಡಿ ಹಾರಿ ಕಿರ್ರೆಂದು ನಿಂತಿತು.

"ಯಾ ಅಲ್ಲಾ! ಬ್ಲೇಡಿನ ಹಲ್ಲು ಹೋತು ಸಾಹೇಬ್ರ! ಒಳಗ ಕಬ್ಬಿಣ ಅದರಿ. ಯಾವನೋ ಸೊಟ್ಟ ಹೊಡ್ದು ಹಂಗ ಬಿಟ್ಟಾನ."

ಕೈಯಲ್ಲಿದ್ದ ಸುಣ್ಣದ ಕುಂಚ ಹಾಗೇ ಇಟ್ಟು ಎದ್ದೆ. ಸೀಳಿದ ಕಟ್ಟಿಗೆ ನಡುವೆ ಕಪ್ಪಗೆ, ಮೇಲಿನ ಅಂಚಿನಲ್ಲಿ ಬೆರಳು ದಪ್ಪ ಹಳದಿ. ಅಷ್ಟು ಆಳಕ್ಕೆ ಅರಿಷಿಣ ಇಳಿಯಬೇಕಾದರೆ ಎಷ್ಟು ಶುಕ್ರವಾರ ಬೇಕು ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಬಾಗಿದ ಬೆನ್ನಿನ ಮೇಲೆ ಬೆರಳಾಡಿಸಿದೆ. ಕಣ್ಣು ಮುಚ್ಚುವ ಅಗತ್ಯವೂ ಬೀಳಲಿಲ್ಲ. ಬಸಣ್ಣ ಚಹಾದ ತಟ್ಟೆ ಹಿಡಿದು ಬಂದವನು ಬಾಗಿಲಲ್ಲೇ ನಿಂತ.

"ಬಸ್ಯಾ, ಮನಿ ಎಲ್ಲದ?"

ಅವನು ಪೇರಲ ಗಿಡದ ಕಡೆ ಕೈ ತೋರಿಸಿ ನಕ್ಕ. "ಇಲ್ಲೇ ಅದಲ್ಲಕ್ಕ."

"ಗುಂಜಹಳ್ಳ್ಯಾಗಿಂದು ಕೇಳಾಕತ್ತೀನಿ."

ನಗು ಹೋಯಿತು. "ಹಿಂದಿನ ಗ್ವಾಡಿ ಕುಸದಿತ್ತು. ಯಾರರ ಮ್ಯಾಲ ಬಿದ್ದಿದ್ರ ಏನ ಮಾಡತಿದ್ದಿ? ಬಾಜು ಮನ್ಯಾವರು ಹತ್ತಿ ಒಟ್ಟಾಕ ಜಾಗ ಬೇಕಂದ್ರು, ಕೊಟ್ಟೆ. ಉಗಾದಿ ಮುಂದ ಕೆಡವಿದ್ರು. ಕಟಗಿ ಅಷ್ಟೂ ನಾನ ತಂದೀನಿ ಅಕ್ಕ. ನೀ ಎಣ್ಣಿ ಹಚ್ಚೀದಲ್ಲ, ಎಲ್ಲಾ ಅದೇ ಕಟಗಿ. ನಿನಗ ಖುಷಿ ಆಗ್ಲಿ ಅಂತ."

ಅಂದರೆ ಅಷ್ಟು ದಿನ ನಾನು ಹೆಣಕ್ಕೆ ಎಣ್ಣೆ ಹಚ್ಚಿದ್ದೆ.

"ಹೋದ ವರ್ಷ ಸವಳು ಹಾಕಿಸೀನಿ ಅಂದ್ಯಲ್ಲ?"

ಅವನು ಚಹಾದ ತಟ್ಟೆಯನ್ನು ಮಶೀನಿನ ಪಕ್ಕ ಇಟ್ಟ.

"ಈ ಹೊಸ್ತಿಲ ಮುಟ್ಟಿ ಅವ್ವಗ ಏನಂದಿದ್ದಿ?"

"ನಿನ್ನ ಕೇಳಿದ್ರ ಬ್ಯಾಡ ಅಂತಿದ್ದಿ, ಅಕ್ಕ."

"ಬ್ಯಾಡ ಅನ್ನೋರನ್ನ ಕೇಳಬೇಕಲೇ. ಹೂಂ ಅನ್ನೋರನ್ನ ಯಾಕ ಕೇಳತಾರ?"

ಮಹಾದೇವಿ ಹೊರಗೆ ಬಂದು, "ಬಿಸಿ ರೊಟ್ಟಿ ಅದಾವ, ಮೊದಲ ಉಣ್ರಿ ಅಕ್ಕಾರ" ಎಂದಳು. ನನ್ನ ಮುಖ ನೋಡದೆ ಹೇಳಿದಳು. ಅವಳಿಗೂ ಗೊತ್ತಿತ್ತು. ಆಕೆಯ ಜೋಕುಗಳೆಲ್ಲ ಗೊತ್ತಿದ್ದೂ ಆಡಿದ ಜೋಕುಗಳು. ಗೊತ್ತಿಲ್ಲದವನು ಖಾಜಾಸಾಬ ಒಬ್ಬನೇ. ಅವನು ಮುರಿದ ಬ್ಲೇಡು ಹಿಡಿದುಕೊಂಡು, ತನ್ನಿಂದಲೇ ಏನೋ ತಪ್ಪಾಯಿತು ಅನ್ನುವ ಹಾಗೆ ನಿಂತಿದ್ದ. ಮನೆ ಹೋದದ್ದಕ್ಕೆ ನಾನು ಅಷ್ಟು ಉರಿಯಲಿಲ್ಲ. ಮಣ್ಣಿನ ಮನೆ, ಒಂದು ದಿನ ಬೀಳುತ್ತದೆ. ಗ್ವಾಡೆ ಕುಸಿದಿದೆ ಅಕ್ಕ, ಏನು ಮಾಡಲಿ ಎಂದು ಅವನು ಒಂದು ಫೋನು ಮಾಡಿದ್ದರೆ, ನಾಲ್ಕು ಬೈದು ಆಮೇಲೆ ನಾನೇ ಹೂಂ ಅನ್ನುತ್ತಿದ್ದೆನೋ ಏನೋ. ಆ ಹೂಂ ನನ್ನದಾಗಿತ್ತು. ಅದನ್ನು ಅವನು ಕೇಳದೆ ತೆಗೆದುಕೊಂಡ, ಆಮೇಲೆ ಆಟಿಕೆ ಕೊಟ್ಟ. ಅದನ್ನೂ ನನ್ನ ಕೈಯಿಂದಲೇ ಮಾಡಿಸಿಕೊಂಡ. ಅಪ್ಪನಾದರೂ ಆಟಿಕೆಯನ್ನು ಮಾನ್ವಿಯಿಂದ ಕೊಂಡು ತಂದಿದ್ದ.

ಮೊಳೆ ಇದ್ದ ತುಂಡನ್ನು ಕತ್ತರಿಸಿ ಕೊಡು ಎಂದು ಖಾಜಾಸಾಬನಿಗೆ ಹೇಳಿದೆ.

"ಮೊಳಿ ಕಿತ್ತು ಕೊಡ್ಲೇನ್ರಿ ಯವ್ವಾ? ಕೈಗೆ ತರಚತದ."

"ಬ್ಯಾಡ. ಹೊಡೆದಾವನ ಕೀಳಲಿಲ್ಲ, ನೀ ಯಾಕ ಕೀಳತಿ."

ಬಸಣ್ಣನ ನೆಟ್ಟಗಿನ ಮೊಳೆ ಇದ್ದ ಭಾಗ ಅಲ್ಲೇ ಬಿಟ್ಟೆ. ಅದರಿಂದ ಅವನ ಗೊಂಬೆಮನೆಗೆ ಬೇಕಾದಷ್ಟು ಹೊಸ್ತಿಲಾಗುತ್ತದೆ. ರೊಟ್ಟಿ ಉಣ್ಣಲಿಲ್ಲ. ಗೇಟಿನ ತನಕ ಅವನು ಹಿಂದೆ ಬಂದ, ಚೀಲ ಕೊಡಕ್ಕ, ಬಸ್‌ಸ್ಟ್ಯಾಂಡಿಗೆ ಬಿಡತೀನಿ ಎಂದ. ಚೀಲ ಕೊಡಲಿಲ್ಲ. ಆಟೋ ಹತ್ತಿದೆ. ದೇವದುರ್ಗಕ್ಕೆ ಬಂದು ಆ ತುಂಡನ್ನು ಎಲ್ಲಿಡಬೇಕು ಎಂದು ನೋಡಿದೆ. ದೇವರ ಮುಂದೆ ಇಡುವಂಥದ್ದಲ್ಲ, ಒಲೆಗೆ ಹಾಕಲು ಮನಸ್ಸಾಗಲಿಲ್ಲ. ನನ್ನ ಮಂಚದ ಒಂದು ಕಾಲು ಗಿಡ್ಡ, ಮಗ್ಗುಲು ಬದಲಿಸಿದರೆ ಕುಂಟುತ್ತಿತ್ತು. ಅದರ ಕೆಳಗೆ ಕೊಟ್ಟೆ. ಈಗ ಕುಂಟುವುದಿಲ್ಲ. ಕಸ ಹೊಡೆಯುವಾಗ ಸೊಸೆಯ ಸೀರೆಯ ಅಂಚು ಆ ಮೊಳೆಗೆ ಸಿಕ್ಕು, ಅವಳು ದಿನಾ ಬೈಯುತ್ತಾಳೆ. ಬೈಯಲಿ, ಅದು ಅದರ ಕೆಲಸ ಮಾಡುತ್ತದೆ.

ಮೊದಲ ಮಳೆ ದೊಡ್ಡದಾಗಿಯೇ ಬಂತು. ಅಂದು ಸಂಜೆ ಬಸಣ್ಣನ ಫೋನು. ಅಷ್ಟು ದಿನ ಮಾಡಿರಲಿಲ್ಲ.

"ಅಕ್ಕಾ, ಸಿಟ್ಟು ಇನ್ನ ಅದ ಏನು?"

"ಏನಾಗ್ಯಾದ ಹೇಳು."

"ಮಾಳಿಗಿ ಸೋರಾಕತ್ತದ. ಮಣ್ಣು ಕರಗಿ ಪಡಸಾಲಿ ತುಂಬ ಬಿದ್ದದ. ಐತಾರ ನಮ್ಮ ರೈಲ್ವೆ ದೋಸ್ತರು ನೋಡಾಕ ಬರಾಕತ್ತಾರ, ಎಲ್ಲಾರಿಗೂ ಹೇಳೀನಿ, ನಮ್ಮ ಅಕ್ಕ ಕಟ್ಟಿದ ಮನಿ ಅಂತ. ಮ್ಯಾಲ ಸವಳು ಬೇಕು. ಎಲ್ಲಿ ಸಿಗತದ ಅಕ್ಕ? ನಿನ್ನ ಬಿಟ್ರ ಯಾರಿಗಿ ಗೊತ್ತದ?"

ಹಳ್ಳದ ದಂಡೆಯ ಯಾವ ತಿರುವಿನಲ್ಲಿ, ಯಾವ ಜಾಲಿ ಗಿಡದ ಕೆಳಗೆ ಅಗೆದರೆ ಒಳ್ಳೆಯ ಸವಳು ಬರುತ್ತದೆ ಎಂದು ನನಗೆ ಗೊತ್ತು. ಅವ್ವನ ಜೊತೆ ಪುಟ್ಟಿ ಹೊತ್ತು ಏಣಿ ಏರಿದವಳು ನಾನು.

"ಗುಂಜಹಳ್ಳಿ ಮನಿ ಮಾಳಿಗಿ ಮ್ಯಾಲ ಬೇಕಾದಷ್ಟು ಅದಲ್ಲೋ ಬಸ್ಯಾ," ಎಂದೆ. "ಹೋದ ವರ್ಷನ ಹಾಕಿಸೀದಿ. ಏಣಿ ಹಚ್ಚು, ಏರು, ಒಂದು ಪುಟ್ಟಿ ತುಂಬಕೊಂಡು ಬಾ."